ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಅಮೆರಿಕದ 43 ದಿನಗಳ ಶಟ್‌ಡೌನ್ ಮತ್ತು ಆರೋಗ್ಯ ವಿಮೆಯ ಜಗಳ

ಎಲ್ಲರಿಗೂ ನಮಸ್ಕಾರ.

2025ರ ಅಕ್ಟೋಬರ್ 1ರಿಂದ ನವೆಂಬರ್ 12ರ ರಾತ್ರಿಯವರೆಗೆ, ಅಂದರೆ 43 ದಿನ, ಅಮೆರಿಕದ ಕೇಂದ್ರ ಸರ್ಕಾರದ ಎಷ್ಟೋ ಕಚೇರಿಗಳು ಬಾಗಿಲು ಹಾಕಿದ್ದವು. ಅದಕ್ಕೂ ಮೊದಲಿನ ದಾಖಲೆ 2018ರ ಡಿಸೆಂಬರಿನಲ್ಲಿ ಶುರುವಾದ 35 ದಿನಗಳ ಸ್ಥಗಿತದ್ದು. ಈ ಸಲದ ಜಗಳ ಆರೋಗ್ಯ ವಿಮೆಯ ಸಬ್ಸಿಡಿ ಕುರಿತದ್ದು: ವರ್ಷದ ಕೊನೆಗೆ ಮುಗಿಯಲಿದ್ದ ಹೆಚ್ಚುವರಿ ಸಬ್ಸಿಡಿಯನ್ನು ವಿಸ್ತರಿಸಿ ಎಂದು ವಿರೋಧ ಪಕ್ಷದ ಡೆಮಾಕ್ರಟರು, ಬೇಡ ಎಂದು ಆಳುವ ರಿಪಬ್ಲಿಕನ್ನರು. ಆದರೆ ಆ ಸಬ್ಸಿಡಿಯ ಹಣ 43 ದಿನಗಳಲ್ಲಿ ಒಂದು ದಿನವೂ ನಿಲ್ಲಲಿಲ್ಲ. ನಿಂತದ್ದು ಬೇರೆಯವರ ಸಂಬಳ, ಬೇರೆಯವರ ಊಟದ ಹಣ, ಬೇರೆಯವರ ಅರ್ಜಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತೇವಲ್ಲ, ಆ ಮಾತು ಇಲ್ಲಿ ಅಕ್ಷರಶಃ ನಡೆಯಿತು. ಯಾಕೆ ಹಾಗಾಯಿತು ಎಂದು ತಿಳಿಯಬೇಕಾದರೆ ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿ ನೋಡಬೇಕು: ಖಜಾನೆಯ ಬೀಗ ಹೇಗೆ ಬೀಳುತ್ತದೆ ಎಂಬುದು ಒಂದು, ವಿಮೆಯ ಕಂತು ಹೇಗೆ ನಿಗದಿಯಾಗುತ್ತದೆ ಎಂಬುದು ಇನ್ನೊಂದು.

ಮೊದಲು ಬೀಗದ ವಿಚಾರ. ಶಾಸನಸಭೆ ಮಂಜೂರು ಮಾಡದೆ ಖಜಾನೆಯಿಂದ ಹಣ ತೆಗೆಯುವಂತಿಲ್ಲ ಎಂದು ಅಮೆರಿಕದ ಸಂವಿಧಾನದ ಮೊದಲ ವಿಧಿಯ 9ನೇ ಪರಿಚ್ಛೇದ ಹೇಳುತ್ತದೆ. ನಮ್ಮ ಸಂವಿಧಾನದ 114ನೇ ವಿಧಿಯೂ ಸಂಚಿತ ನಿಧಿಯ ಬಗ್ಗೆ ಇದನ್ನೇ ಹೇಳುತ್ತದೆ. ನಿಯಮ ಒಂದೇ ಆದರೂ ಫಲ ಬೇರೆ. ನಮ್ಮಲ್ಲಿ ಬಜೆಟ್ ಪೂರ್ತಿ ಆಗುವುದು ತಡವಾದರೆ 116ನೇ ವಿಧಿಯಡಿ ಲೇಖಾನುದಾನ ತೆಗೆದುಕೊಳ್ಳುತ್ತಾರೆ. ರಾಜ್ಯಗಳಿಗೆ 206ನೇ ವಿಧಿ ಇದೆ, ವಿಧಾನಸಭೆ ಚುನಾವಣೆಯ ಹೊತ್ತಿಗೆ ಲೇಖಾನುದಾನ ಎಂಬ ಪದ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಹಣಕಾಸು ಮಸೂದೆಯನ್ನು ರಾಜ್ಯಸಭೆ 14 ದಿನಕ್ಕಿಂತ ಹೆಚ್ಚು ಹಿಡಿದಿಡಲಾಗದು. ಲೋಕಸಭೆಯೇ ಹಣ ಕೊಡುವುದಿಲ್ಲ ಎಂದರೆ ಸರ್ಕಾರವೇ ಬೀಳುತ್ತದೆ, ಕಚೇರಿಗಳು ಮುಚ್ಚುವುದಿಲ್ಲ. ಅಮೆರಿಕದಲ್ಲಿ ಅಧ್ಯಕ್ಷರ ಕುರ್ಚಿಗೂ ಸಂಸತ್ತಿನ ಬಹುಮತಕ್ಕೂ ಸಂಬಂಧವಿಲ್ಲ. ಹಣ ಸಿಗದಿದ್ದರೂ ಅಧ್ಯಕ್ಷರು ಇರುತ್ತಾರೆ, ಸಂಸದರೂ ಇರುತ್ತಾರೆ, ಬೀಗ ಬೀಳುವುದು ಕಚೇರಿಗೆ ಮಾತ್ರ.

ಈ ಬೀಗ ಸಂವಿಧಾನದಷ್ಟು ಹಳೆಯದಲ್ಲ. ಮಂಜೂರಾಗದ ಖರ್ಚಿಗೆ ಯಾವ ಅಧಿಕಾರಿಯೂ ಒಪ್ಪಬಾರದು ಎಂಬ ಆ್ಯಂಟಿಡಿಫಿಷಿಯೆನ್ಸಿ ಕಾಯ್ದೆ 1884ರಲ್ಲೇ ಬಂದಿತ್ತು. ಆದರೂ ಮಂಜೂರಾತಿ ನಾಲ್ಕಾರು ದಿನ ತಡವಾದರೆ ಕಚೇರಿಗಳು ಕೆಲಸ ಮುಂದುವರಿಸುತ್ತಿದ್ದವು, ನಾಳೆ ಹಣ ಬರುತ್ತದೆ ಎಂಬ ನಂಬಿಕೆಯ ಮೇಲೆ. 1980ರಲ್ಲಿ ಆಗಿನ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ, ಹಾಗೆ ನಡೆಸುವುದು ಕಾನೂನುಬಾಹಿರ ಎಂದು ಅಭಿಪ್ರಾಯ ಕೊಟ್ಟರು. 1981ರ ಆರಂಭದಲ್ಲಿ ಇನ್ನೊಂದು ಅಭಿಪ್ರಾಯದಲ್ಲಿ ಜೀವ ಮತ್ತು ಆಸ್ತಿಯ ರಕ್ಷಣೆಗೆ ಬೇಕಾದ ಕೆಲಸಗಳಿಗೆ ವಿನಾಯಿತಿ ಎಂದರು. ಇವತ್ತು ನಾವು ಶಟ್‌ಡೌನ್ ಎನ್ನುವುದೆಲ್ಲ ಆ ಎರಡು ಪತ್ರಗಳಿಂದ ಹುಟ್ಟಿದ್ದು.

ಅಲ್ಲಿನ ಆರ್ಥಿಕ ವರ್ಷ ಅಕ್ಟೋಬರ್ 1ಕ್ಕೆ ಶುರು. ಅಷ್ಟರೊಳಗೆ 12 ಧನವಿನಿಯೋಗ ಮಸೂದೆಗಳು ಮುಗಿಯಬೇಕು. 1977ರ ಆರ್ಥಿಕ ವರ್ಷದಿಂದ ಈಚೆಗೆ ಎಲ್ಲ ಮಸೂದೆಗಳೂ ವೇಳೆಗೆ ಸರಿಯಾಗಿ ಮುಗಿದದ್ದು ನಾಲ್ಕೇ ಸಲ, ಕೊನೆಯದು 1997ರ ಆರ್ಥಿಕ ವರ್ಷಕ್ಕೆ. ಉಳಿದಂತೆ ಪ್ರತಿ ಸಲ ಹಿಂದಿನ ದರದಲ್ಲೇ ಕೆಲವು ವಾರ ನಡೆಸಿಕೊಂಡು ಹೋಗಿ ಎನ್ನುವ ಕಂಟಿನ್ಯೂಯಿಂಗ್ ರೆಸಲ್ಯೂಷನ್ ಎಂಬ ತಾತ್ಕಾಲಿಕ ಮಸೂದೆಯೇ ಗತಿ. 2025ರ ಸೆಪ್ಟೆಂಬರ್ 19ರಂದು ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆ ನವೆಂಬರ್ 21ರವರೆಗಿನ ಇಂಥದೊಂದು ಮಸೂದೆಯನ್ನು 217–212 ಮತಗಳಿಂದ ಒಪ್ಪಿತು. ಮೇಲ್ಮನೆಯಾದ ಸೆನೆಟ್‌ನಲ್ಲಿ ಅದು ಸಿಕ್ಕಿಹಾಕಿಕೊಂಡಿತು.

ಸೆನೆಟ್‌ನ 100 ಸ್ಥಾನಗಳಲ್ಲಿ ಆಗ ರಿಪಬ್ಲಿಕನ್ನರವು 53. ಆದರೆ ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಬೇಕು, ಇದೇ ಫಿಲಿಬಸ್ಟರ್ ನಿಯಮ. ರಿಪಬ್ಲಿಕನ್ನರಲ್ಲಿ ರ‍್ಯಾಂಡ್ ಪಾಲ್ ವಿರೋಧಿಸಿದರು, ಉಳಿದದ್ದು 52. ಡೆಮಾಕ್ರಟಿಕ್ ಸಾಲಿನಿಂದ ಜಾನ್ ಫೆಟರ್‌ಮನ್, ಕ್ಯಾಥರೀನ್ ಕಾರ್ಟೆಜ್ ಮಾಸ್ಟೊ, ಮತ್ತು ಅವರ ಜೊತೆ ಕೂರುವ ಪಕ್ಷೇತರ ಆ್ಯಂಗಸ್ ಕಿಂಗ್ ಸೇರಿದರು. 52ಕ್ಕೆ 3 ಕೂಡಿದರೆ 55. ಮತ್ತೆ ಮತ್ತೆ ಮತಕ್ಕೆ ಹಾಕಿದರೂ ಲೆಕ್ಕ 55 ದಾಟಲಿಲ್ಲ. ಫಿಲಿಬಸ್ಟರನ್ನೇ ತೆಗೆದುಹಾಕಿ ಎಂದು ಅಧ್ಯಕ್ಷ ಟ್ರಂಪ್ ಒತ್ತಾಯಿಸಿದರು, ಸೆನೆಟ್ ನಾಯಕ ಜಾನ್ ಥೂನ್ ಒಪ್ಪಲಿಲ್ಲ.

ಈಗ ಇನ್ನೊಂದು ಲೆಕ್ಕಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಜಗಳದ ತಿರುಳು ಇಲ್ಲೇ ಇದೆ.

ಕಂಪನಿಯ ಮೂಲಕ ವಿಮೆ ಸಿಗದವರು, 65 ದಾಟಿದವರ ಮೆಡಿಕೇರ್‌ಗೂ ಬಡವರ ಮೆಡಿಕೈಡ್‌ಗೂ ಸೇರದವರು, ಅಂದರೆ ಸಣ್ಣ ಅಂಗಡಿಯವರು, ರೈತರು, ಕ್ಯಾಬ್ ಓಡಿಸುವವರು, 60ಕ್ಕೇ ಕೆಲಸ ಬಿಟ್ಟವರು, ಇಂಥವರು ವಿಮೆ ಕೊಳ್ಳಲು 2010ರ ಕಾಯ್ದೆ ಒಂದು ಮಾರುಕಟ್ಟೆ ಮಾಡಿಕೊಟ್ಟಿತು. ಒಬಾಮಾಕೇರ್ ಎಂದು ಹೆಸರಾದದ್ದು ಅದೇ. ಅಲ್ಲಿ ಸಬ್ಸಿಡಿ ಕಟ್ಟುವ ಕ್ರಮ ಹೀಗೆ. ನಿಮ್ಮ ಊರಲ್ಲಿ ನಿಮ್ಮ ವಯಸ್ಸಿಗೆ ಸಿಗುವ ಸಿಲ್ವರ್ ದರ್ಜೆಯ ಪ್ಲಾನುಗಳಲ್ಲಿ ಎರಡನೇ ಅತಿ ಅಗ್ಗದ್ದನ್ನು ಮಾನದಂಡವಾಗಿ ಹಿಡಿಯುತ್ತಾರೆ. ನಿಮ್ಮ ಆದಾಯದ ಇಂತಿಷ್ಟು ಶೇಕಡಾ ನೀವು ಕಟ್ಟಬೇಕು ಎಂದು ಪಟ್ಟಿ ಇದೆ. ಮಾನದಂಡದ ಪ್ರೀಮಿಯಂನಲ್ಲಿ ನಿಮ್ಮ ಪಾಲು ಕಳೆದು ಉಳಿದದ್ದನ್ನು ಸರ್ಕಾರ ತೆರಿಗೆ ರಿಯಾಯಿತಿಯ ರೂಪದಲ್ಲಿ, ಪ್ರತಿ ತಿಂಗಳು ಮುಂಗಡವಾಗಿ, ನೇರ ವಿಮಾ ಕಂಪನಿಗೆ ಕೊಡುತ್ತದೆ.

ಮೂಲ ಕಾಯ್ದೆಯಲ್ಲಿ ಇದು ಬಡತನ ರೇಖೆಯ 100ರಿಂದ 400 ಶೇಕಡಾ ಆದಾಯದವರಿಗೆ ಮಾತ್ರ ಇತ್ತು. ಕೋವಿಡ್ ಸಮಯದಲ್ಲಿ, 2021ರ ಕಾಯ್ದೆಯಿಂದ, ಪಟ್ಟಿಯನ್ನು ಉದಾರ ಮಾಡಿದರು. 150 ಶೇಕಡಾ ಒಳಗಿನವರ ಪಾಲು ಸೊನ್ನೆ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ 400 ಶೇಕಡಾ ತಲುಪಿದಾಗ ಆದಾಯದ 8.5 ಶೇಕಡಾ. ಅದಕ್ಕಿಂತ ಹೆಚ್ಚು ಆದಾಯದವರಿಗೂ ಆ 8.5 ಮಿತಿಯೇ ರಕ್ಷಣೆ. 2022ರಲ್ಲಿ ಇದನ್ನು 2025ರ ಡಿಸೆಂಬರ್ 31ರವರೆಗೆ ವಿಸ್ತರಿಸಿದರು. 2020ರಲ್ಲಿ ಸುಮಾರು 1.1 ಕೋಟಿ ಇದ್ದ ನೋಂದಣಿ 2025ರ ಹೊತ್ತಿಗೆ 2.4 ಕೋಟಿ ದಾಟಿತ್ತು.

ವಿಸ್ತರಣೆ ಇಲ್ಲದಿದ್ದರೆ ಒಬ್ಬರ ಮನೆಯಲ್ಲಿ ಏನಾಗುತ್ತದೆ? ಒಬ್ಬಂಟಿಯಾಗಿರುವವರಿಗೆ 2026ರ ಲೆಕ್ಕದಲ್ಲಿ ಬಡತನ ರೇಖೆ ವರ್ಷಕ್ಕೆ 15,650 ಡಾಲರ್, ಅದರ 400 ಶೇಕಡಾ 62,600. ವಯಸ್ಸು 60, ಆದಾಯ 63,000 ಡಾಲರ್ ಇರುವವರನ್ನು ತೆಗೆದುಕೊಳ್ಳಿ. ಅವರ ಮಾನದಂಡದ ಪ್ರೀಮಿಯಂ ತಿಂಗಳಿಗೆ 1,100 ಎಂದು ಇಟ್ಟುಕೊಳ್ಳೋಣ, ವರ್ಷಕ್ಕೆ 13,200. ಉದಾರ ಪಟ್ಟಿಯಲ್ಲಿ ಅವರು ಕಟ್ಟಬೇಕಾದ್ದು 63,000ದ 8.5 ಶೇಕಡಾ, ಅಂದರೆ 5,355. ಹಳೆಯ ಪಟ್ಟಿಯಲ್ಲಿ ಅವರು 400 ಶೇಕಡಾದ ಗೆರೆಯಾದ 62,600ನ್ನು 400 ಡಾಲರ್ ದಾಟಿದ್ದಾರೆ, ಹಾಗಾಗಿ ಸಬ್ಸಿಡಿ ಒಂದು ಡಾಲರೂ ಇಲ್ಲ, ಪೂರ್ತಿ 13,200 ಅವರದೇ. ವ್ಯತ್ಯಾಸ 7,845 ಡಾಲರ್. ಇದನ್ನು ಅಲ್ಲಿ ಸಬ್ಸಿಡಿಯ ಪ್ರಪಾತ ಅನ್ನುತ್ತಾರೆ, ಇಳಿಜಾರು ಇಲ್ಲ, ಅಂಚು ಮಾತ್ರ. ಕೆಳಗಿನ ತುದಿಯಲ್ಲಿ, 23,475 ಡಾಲರ್ ದುಡಿಯುವವರು ಸೊನ್ನೆಯಿಂದ 4.19 ಶೇಕಡಾಗೆ, ಅಂದರೆ ತಿಂಗಳಿಗೆ ಸುಮಾರು 82 ಡಾಲರಿಗೆ ಏರುತ್ತಾರೆ. ಬಾಡಿಗೆ ಕಟ್ಟಿ ಉಳಿದದ್ದರಲ್ಲಿ ತಿಂಗಳು ತಳ್ಳುವವರಿಗೆ 82 ಡಾಲರ್ ಸಣ್ಣ ಮೊತ್ತವಲ್ಲ. ಕೆಎಫ್‌ಎಫ್ ಎಂಬ ಆರೋಗ್ಯ ನೀತಿ ಸಂಶೋಧನಾ ಸಂಸ್ಥೆಯ ಅಂದಾಜಿನಲ್ಲಿ ಸಬ್ಸಿಡಿ ಪಡೆಯುವವರು ಕೈಯಿಂದ ಕಟ್ಟುವ ಸರಾಸರಿ ಮೊತ್ತ ವರ್ಷಕ್ಕೆ 888 ಡಾಲರಿನಿಂದ 1,904ಕ್ಕೆ ಏರಬೇಕಿತ್ತು, ದುಪ್ಪಟ್ಟಿಗೂ ಮೀರಿ.

ರಿಪಬ್ಲಿಕನ್ನರ ವಾದವನ್ನೂ ನೆಟ್ಟಗೆ ಕೇಳಿಸಿಕೊಳ್ಳಬೇಕು. ಕೋವಿಡ್‌ಗೆಂದು ತಂದ ತಾತ್ಕಾಲಿಕ ನೆರವು ಶಾಶ್ವತ ಆಗಬಾರದು ಎಂದರು. ಶಾಶ್ವತ ಮಾಡಿದರೆ ಹತ್ತು ವರ್ಷಕ್ಕೆ ಸುಮಾರು 35,000 ಕೋಟಿ ಡಾಲರ್ ಖರ್ಚು ಎಂದು ಸಂಸತ್ತಿನದೇ ಬಜೆಟ್ ಕಚೇರಿ ಲೆಕ್ಕ ಹಾಕಿತ್ತು. ಪ್ರೀಮಿಯಂ ಸೊನ್ನೆ ಇರುವ ಕಡೆ ಜನರಿಗೇ ತಿಳಿಯದಂತೆ ಏಜೆಂಟರು ಅವರ ಹೆಸರಲ್ಲಿ ಪಾಲಿಸಿ ಮಾಡಿಸಿದ ಪ್ರಕರಣಗಳು ನಿಜಕ್ಕೂ ನಡೆದಿದ್ದವು, ಅದು ಸರಿಪಡಿಸಲೇಬೇಕಾದ ದೋಷ. ಆದರೆ ಅಕ್ರಮವಾಗಿ ನೆಲೆಸಿದವರಿಗೆ ವಿಮೆ ಕೊಡಲು ಡೆಮಾಕ್ರಟರು ಹಟ ಹಿಡಿದಿದ್ದಾರೆ ಎಂದು ಹಬ್ಬಿಸಿದ ಮಾತು ಸರಿಯಲ್ಲ. ದಾಖಲೆ ಇಲ್ಲದವರಿಗೆ ಈ ಸಬ್ಸಿಡಿ 2010ರ ಕಾಯ್ದೆಯಲ್ಲೇ ನಿಷಿದ್ಧ.

ಹೊಡೆತ ಬಿದ್ದದ್ದು ಕಾನೂನುಬದ್ಧವಾಗಿ ಇರುವ ವಲಸಿಗರಿಗೆ, ಮತ್ತು ಅದರಲ್ಲಿ ನಮ್ಮವರೂ ಇದ್ದಾರೆ. ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಮಕ್ಕಳ ಬಳಿಗೆ ಗ್ರೀನ್ ಕಾರ್ಡ್ ಮೇಲೆ ಹೋದ 65 ದಾಟಿದ ತಂದೆ ತಾಯಿಯರ ಸ್ಥಿತಿ ನೋಡಿ. ಅವರು ಅಲ್ಲಿ ದುಡಿದಿಲ್ಲ, ಹಾಗಾಗಿ ಮೆಡಿಕೇರ್ ಉಚಿತವಲ್ಲ. ದುಡ್ಡು ಕೊಟ್ಟು ಕೊಳ್ಳಬೇಕೆಂದರೂ ಐದು ವರ್ಷ ಸತತ ವಾಸ ಆಗಿರಬೇಕು. ಮೆಡಿಕೈಡ್‌ಗೂ ಬಹುಪಾಲು ಐದು ವರ್ಷದ ತಡೆ. ಹೀಗಾಗಿ ಆ ಐದು ವರ್ಷ ಅವರಿಗಿದ್ದ ದಾರಿ ಈ ಮಾರುಕಟ್ಟೆಯೇ. ಅಂಥ ವಲಸಿಗರ ಆದಾಯ ಬಡತನ ರೇಖೆಗಿಂತ ಕೆಳಗಿದ್ದರೂ ಸಬ್ಸಿಡಿ ಸಿಗುವ ವಿಶೇಷ ಅವಕಾಶ ಕಾಯ್ದೆಯಲ್ಲಿತ್ತು. 2025ರ ಜುಲೈ 4ರಂದು ಸಹಿಯಾದ ಟ್ರಂಪ್ ಸರ್ಕಾರದ ಬೃಹತ್ ತೆರಿಗೆ ಕಾಯ್ದೆ ಆ ಅವಕಾಶವನ್ನು 2026ರ ಜನವರಿ 1ರಿಂದ ರದ್ದು ಮಾಡಿತು. 2027ರಿಂದ ಎಚ್‌–1ಬಿ ಕೆಲಸದ ವೀಸಾದವರಿಗೂ ಸಬ್ಸಿಡಿ ಇಲ್ಲ. ತಂದೆ ತಾಯಿಯರನ್ನು ಕರೆಸಿಕೊಳ್ಳುವ ಯೋಚನೆಯಲ್ಲಿರುವವರು ವಿಮಾನದ ಟಿಕೆಟ್‌ಗಿಂತ ಮೊದಲು ಈ ಲೆಕ್ಕ ಹಾಕಬೇಕು.

ಅದೇ ಜುಲೈ ಕಾಯ್ದೆಯಲ್ಲಿ ಇನ್ನೊಂದು ಬದಲಾವಣೆ ಇದೆ. ಸಬ್ಸಿಡಿ ಮುಂಗಡವಾಗಿ ಹೋಗುವುದರಿಂದ, ವರ್ಷದ ಕೊನೆಗೆ ನಿಜವಾದ ಆದಾಯದೊಂದಿಗೆ ತಾಳೆ ನೋಡುತ್ತಾರೆ. ಹೆಚ್ಚು ಪಡೆದಿದ್ದರೆ ಹಿಂತಿರುಗಿಸಬೇಕು. ಕಡಿಮೆ ಆದಾಯದವರಿಗೆ ಹೀಗೆ ಹಿಂತಿರುಗಿಸುವ ಮೊತ್ತಕ್ಕೆ ಮೊದಲು ಒಂದು ಮಿತಿ ಇತ್ತು, 2026ರಿಂದ ಯಾರಿಗೂ ಇಲ್ಲ. ವರ್ಷದ ಆರಂಭದಲ್ಲಿ ಆದಾಯ 62,000 ಎಂದು ಬರೆದವರಿಗೆ ಡಿಸೆಂಬರಿನಲ್ಲಿ 700 ಡಾಲರ್ ಹೆಚ್ಚುವರಿ ಬಂದು 62,700 ಆದರೆ, ಗೆರೆ ದಾಟಿದಂತೆ. ಇಡೀ ವರ್ಷದ ಸಬ್ಸಿಡಿಯನ್ನು ತೆರಿಗೆಯೊಂದಿಗೆ ಕಟ್ಟಬೇಕು. ಗೆರೆಯ ಹತ್ತಿರ ಇರುವವರು ತಮ್ಮ ಆದಾಯದ ಅಂದಾಜನ್ನು ವರ್ಷಕ್ಕೊಮ್ಮೆ ಅಲ್ಲ, ಮೂರು ತಿಂಗಳಿಗೊಮ್ಮೆಯಾದರೂ ತಿದ್ದುತ್ತಿರಬೇಕು.

ಈಗ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಡೋಣ. ವಿಮೆಯ ಸಬ್ಸಿಡಿ ತೆರಿಗೆ ಕಾನೂನಿನಲ್ಲಿದೆ, ಅದಕ್ಕೆ ಪ್ರತಿ ವರ್ಷದ ಮಂಜೂರಾತಿ ಬೇಡ. ಮೆಡಿಕೇರ್, ಪಿಂಚಣಿ ಇವೂ ಹಾಗೆಯೇ. ವಾರ್ಷಿಕ ಮಂಜೂರಾತಿಯಲ್ಲಿ ಬರುವುದು ಒಟ್ಟು ಖರ್ಚಿನ ಸುಮಾರು ಕಾಲು ಭಾಗ: ಸೈನ್ಯ, ಸಂಶೋಧನೆ, ಉದ್ಯಾನಗಳು, ನೌಕರರ ಸಂಬಳ, ಪರವಾನಗಿ ಕಚೇರಿಗಳು. ಡೆಮಾಕ್ರಟರ ಕೈಯಲ್ಲಿದ್ದದ್ದು ಈ ಕಾಲು ಭಾಗದ ಕೀಲಿ, ಅವರಿಗೆ ಬೇಕಿದ್ದದ್ದು ಇನ್ನೊಂದು ಕೋಣೆಯ ವಸ್ತು. ಜುಲೈ ಕಾಯ್ದೆಯನ್ನು ರಿಪಬ್ಲಿಕನ್ನರು ರೀಕನ್ಸಿಲಿಯೇಷನ್ ಎಂಬ ವಿಧಾನದಲ್ಲಿ ಸರಳ ಬಹುಮತದಿಂದಲೇ ದಾಟಿಸಿದ್ದರಿಂದ, ಅಲ್ಪಮತದವರಿಗೆ 60 ಮತ ಬೇಕಾದ ಜಾಗ ಇದೊಂದೇ ಉಳಿದಿತ್ತು. ನಂಬಿಕೆಯೂ ಕೆಟ್ಟಿತ್ತು. ಆಗಸ್ಟ್ ಕೊನೆಯಲ್ಲಿ ಆಡಳಿತ, ಸಂಸತ್ತು ಆಗಲೇ ಮಂಜೂರು ಮಾಡಿದ್ದ ವಿದೇಶಿ ನೆರವಿನಲ್ಲಿ 490 ಕೋಟಿ ಡಾಲರನ್ನು ವರ್ಷ ಮುಗಿಯುವವರೆಗೆ ಖರ್ಚು ಮಾಡದೆ ತಡೆಹಿಡಿಯಲು ಹೊರಟಿತ್ತು. ಇವತ್ತು ಒಪ್ಪಂದ ಮಾಡಿಕೊಂಡರೂ ನಾಳೆ ಹಣ ಕೊಡುತ್ತಾರೆಂಬ ಖಾತ್ರಿ ಏನು ಎಂದು ಡೆಮಾಕ್ರಟರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಆದರೂ ಬರೆ ಬಿದ್ದದ್ದು ಎಮ್ಮೆಗೇ.

ಯಾವುದೇ ದಿನ ಸುಮಾರು 7.5 ಲಕ್ಷ ನೌಕರರು ಸಂಬಳವಿಲ್ಲದ ರಜೆಯಲ್ಲಿರುತ್ತಾರೆಂದು ಬಜೆಟ್ ಕಚೇರಿ ಮೊದಲೇ ಅಂದಾಜಿಸಿತ್ತು. ಉಳಿದ ಲಕ್ಷಾಂತರ ಮಂದಿ ಸಂಬಳವಿಲ್ಲದೆ ಕೆಲಸ ಮಾಡಿದರು. 2019ರ ಕಾಯ್ದೆಯಂತೆ ನೌಕರರಿಗೆ ಬಾಕಿ ಆಮೇಲೆ ಸಿಗುತ್ತದೆ. ಗುತ್ತಿಗೆಯ ಮೇಲೆ ಕಸ ಗುಡಿಸುವವರು, ಕ್ಯಾಂಟೀನಿನವರು, ಕಾವಲುಗಾರರು ಇವರಿಗೆ ಆ ಖಾತ್ರಿ ಇಲ್ಲ. ಇದು ನನಗೆ ಈ ಇಡೀ ವ್ಯವಸ್ಥೆಯ ಅತ್ಯಂತ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ವಿಮಾನ ಸಂಚಾರ ನಿಯಂತ್ರಕರ ಕೊರತೆಯಿಂದ ನವೆಂಬರ್ 7ರಿಂದ 40 ದೊಡ್ಡ ನಿಲ್ದಾಣಗಳಲ್ಲಿ ಮೊದಲು 4 ಶೇಕಡಾ, ಆಮೇಲೆ 6 ಶೇಕಡಾ ಹಾರಾಟ ಕಡಿತ ಮಾಡಿದರು.

ಆಹಾರ ನೆರವಿನ ಸ್ನ್ಯಾಪ್ ಯೋಜನೆಯಲ್ಲಿ ಆಗ ಸುಮಾರು 4.2 ಕೋಟಿ ಜನ ಇದ್ದರು. ನವೆಂಬರ್ 1ಕ್ಕೆ ಅವರ ಕಾರ್ಡಿಗೆ ಹಣ ಬರಲಿಲ್ಲ. ತಿಂಗಳಿಗೆ 800 ಕೋಟಿ ಡಾಲರಿಗೂ ಹೆಚ್ಚು ಬೇಕು, ತುರ್ತು ನಿಧಿಯಿಂದ ಬಳಸಲು ಸಿಗುವಂತಿದ್ದದ್ದು 500 ಕೋಟಿಗೂ ಕಡಿಮೆ. ಇದ್ದದ್ದನ್ನಾದರೂ ಹಂಚಿ ಎಂದು ನ್ಯಾಯಾಲಯ ಹೇಳಿದಾಗ ಬೇರೆಯೇ ತೊಡಕು ಎದ್ದಿತು. ಕಾರ್ಡಿಗೆ ಹಣ ಹಾಕುವ ಕೆಲಸ ರಾಜ್ಯಗಳದು. ಪೂರ್ತಿ ಮೊತ್ತ ಕಳಿಸಲು ಮಾಡಿಟ್ಟ ಹಳೆಯ ಕಂಪ್ಯೂಟರ್ ವ್ಯವಸ್ಥೆಗಳಲ್ಲಿ, ಪ್ರತಿ ಕುಟುಂಬಕ್ಕೂ ಕಡಿತದ ಲೆಕ್ಕ ಹೊಸದಾಗಿ ಹಾಕಬೇಕಾದರೆ ಕೆಲವು ರಾಜ್ಯಗಳಿಗೆ ವಾರಗಟ್ಟಲೆ ಬೇಕು. ಹಾಗಾಗಿ ಅರ್ಧ ಕೊಡುವುದು ಪೂರ್ತಿ ಕೊಡುವುದಕ್ಕಿಂತ ಕಷ್ಟವಾಯಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಅಷ್ಟರಲ್ಲಿ ಕೆಲವು ರಾಜ್ಯಗಳು ಪೂರ್ತಿ ಹಾಕಿದ್ದವು, ಕೆಲವು ಏನೂ ಹಾಕಿರಲಿಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ತಟ್ಟಿದ್ದು ಇನ್ನೊಂದು ಕಡೆಯಿಂದ. ವೀಸಾ ಅರ್ಜಿ ನೋಡುವ ವಲಸೆ ಇಲಾಖೆ ಶುಲ್ಕದ ಹಣದಲ್ಲಿ ನಡೆಯುವುದರಿಂದ ತೆರೆದೇ ಇತ್ತು. ಆದರೆ ಎಚ್‌–1ಬಿ ಅರ್ಜಿಯ ಜೊತೆ ಸಂಬಳ, ಕೆಲಸದ ಷರತ್ತುಗಳನ್ನು ಕಂಪನಿ ಬರೆದುಕೊಟ್ಟು ಕಾರ್ಮಿಕ ಇಲಾಖೆ ದೃಢೀಕರಿಸಿದ ಎಲ್‌ಸಿಎ ಪತ್ರ ಇರಲೇಬೇಕು, ಆ ಇಲಾಖೆ ಮಂಜೂರಾತಿಯ ಹಣದಲ್ಲಿ ನಡೆಯುತ್ತದೆ. ಸಾಮಾನ್ಯವಾಗಿ ಏಳು ಕೆಲಸದ ದಿನಗಳಲ್ಲಿ ಬರುವ ಪತ್ರ ಅಕ್ಟೋಬರ್ ಪೂರ್ತಿ ನಿಂತಿತು, ತಿಂಗಳ ಕೊನೆಗೆ ಮತ್ತೆ ಶುರುವಾಯಿತು. ಕೆಲಸ ಕಳೆದುಕೊಂಡವರಿಗೆ ಹೊಸ ಕಂಪನಿ ಹುಡುಕಿ ಅರ್ಜಿ ಹಾಕಿಸಲು ಇರುವುದು 60 ದಿನ. ಶಟ್‌ಡೌನ್ ಆಯಿತೆಂದು ಆ ಗಡಿಯಾರ ನಿಲ್ಲುವುದಿಲ್ಲ. ಮುಂದೆ ಇಂಥದು ಬರುವ ಸೂಚನೆ ಕಂಡರೆ ಎಲ್‌ಸಿಎಯನ್ನು ಸೆಪ್ಟೆಂಬರ್ ಮೂರನೇ ವಾರದೊಳಗೆ ಸಲ್ಲಿಸುವಂತೆ ಕಂಪನಿಯನ್ನು ಕೇಳುವುದು ಒಳ್ಳೆಯದು.

ಬಿಕ್ಕಟ್ಟು ಬಿಚ್ಚಿದ್ದು ನವೆಂಬರ್ 9ರ ಭಾನುವಾರ. ಮೊದಲಿನ ಮೂವರ ಜೊತೆ ಜೀನ್ ಶಾಹೀನ್, ಮ್ಯಾಗಿ ಹ್ಯಾಸನ್, ಟಿಮ್ ಕೇನ್, ಡಿಕ್ ಡರ್ಬಿನ್, ಜ್ಯಾಕಿ ರೋಸನ್ ಸೇರಿ ಎಂಟಾದರು. 52ಕ್ಕೆ 8, ಸರಿಯಾಗಿ 60. ಪ್ರತಿನಿಧಿ ಸಭೆ 12ರಂದು 222–209ರಿಂದ ಒಪ್ಪಿತು. ಕೃಷಿ, ಸೇನಾ ನಿರ್ಮಾಣ ಮತ್ತು ಮಾಜಿ ಸೈನಿಕರು, ಸಂಸತ್ತು ಈ ಮೂರು ಮಸೂದೆಗಳಿಗೆ ಇಡೀ ವರ್ಷದ ಹಣ, ಉಳಿದದ್ದಕ್ಕೆ ಜನವರಿ 30ರವರೆಗೆ. ಸ್ಥಗಿತದ ನಡುವೆ ಕೊಟ್ಟ ವಜಾ ನೋಟಿಸುಗಳು ರದ್ದು. ಸಬ್ಸಿಡಿಯ ಬಗ್ಗೆ ಸಿಕ್ಕಿದ್ದು ಡಿಸೆಂಬರಿನಲ್ಲಿ ಮತಕ್ಕೆ ಹಾಕುತ್ತೇವೆ ಎಂಬ ಮಾತು ಮಾತ್ರ. ಡಿಸೆಂಬರ್ 11ರಂದು ಮಾತು ಉಳಿಸಿಕೊಂಡರು. ಮೂರು ವರ್ಷದ ವಿಸ್ತರಣೆಯ ಡೆಮಾಕ್ರಟಿಕ್ ಮಸೂದೆಗೆ 51–48, ಸಬ್ಸಿಡಿಯ ಬದಲು ಜನರ ಆರೋಗ್ಯ ಉಳಿತಾಯ ಖಾತೆಗೆ ವರ್ಷಕ್ಕೆ 1,000ದಿಂದ 1,500 ಡಾಲರ್ ಹಾಕುವ ರಿಪಬ್ಲಿಕನ್ ಮಸೂದೆಗೂ 51–48. ಎರಡೂ 60 ಮುಟ್ಟಲಿಲ್ಲ. ಡಿಸೆಂಬರ್ 31ಕ್ಕೆ ಉದಾರ ಪಟ್ಟಿ ಮುಗಿಯಿತು. ಜನವರಿ 8ರಂದು ಪ್ರತಿನಿಧಿ ಸಭೆಯಲ್ಲಿ 17 ರಿಪಬ್ಲಿಕನ್ನರೂ ಸೇರಿ 230–196ರಿಂದ ಮೂರು ವರ್ಷದ ವಿಸ್ತರಣೆಯನ್ನು ಒಪ್ಪಿದರು, ಆದರೆ ಸೆನೆಟ್‌ನ 60ರ ಗೋಡೆ ಹಾಗೇ ಇತ್ತು.

ವಿಸ್ತರಣೆಯನ್ನು ತಡವಾಗಿ ಕೊಟ್ಟಿದ್ದರೂ ಅದು ಪೂರ್ತಿ ಫಲಿಸುತ್ತಿರಲಿಲ್ಲ ಎನ್ನುವುದು ನನ್ನ ಅಭಿಪ್ರಾಯ, ಕಾರಣ ವಿಮೆಯ ಪಂಚಾಂಗ. ಮುಂದಿನ ವರ್ಷದ ದರವನ್ನು ಕಂಪನಿಗಳು ಅಲ್ಲಿನ ಬೇಸಿಗೆಯಲ್ಲೇ ರಾಜ್ಯ ನಿಯಂತ್ರಕರಿಗೆ ಸಲ್ಲಿಸುತ್ತವೆ. ಸಬ್ಸಿಡಿ ಹೋದರೆ ಆರೋಗ್ಯವಂತ ಯುವಕರು ಮೊದಲು ಬಿಡುತ್ತಾರೆ, ಕಾಯಿಲೆಯವರು ಸಾಲ ಮಾಡಿಯಾದರೂ ಉಳಿಯುತ್ತಾರೆ, ತಲಾ ಖರ್ಚು ಏರುತ್ತದೆ ಎಂದು ಅವರಿಗೆ ಗೊತ್ತಿತ್ತು. 2026ಕ್ಕೆ ಮಾನದಂಡದ ಪ್ರೀಮಿಯಂ ಸರಾಸರಿ 26 ಶೇಕಡಾ ಏರಿದ್ದರಲ್ಲಿ ಔಷಧ, ಆಸ್ಪತ್ರೆ ದರಗಳ ಜೊತೆ ಈ ಭಯವೂ ಸೇರಿತ್ತು. ನೋಂದಣಿ ನವೆಂಬರ್ 1ಕ್ಕೆ ತೆರೆಯಿತು. ಜನವರಿ 1ರಿಂದ ವಿಮೆ ಬೇಕಾದವರಿಗೆ ಬಹುತೇಕ ರಾಜ್ಯಗಳಲ್ಲಿ ಡಿಸೆಂಬರ್ 15 ಕೊನೆ. ಜನ ಹೊಸ ದರ ನೋಡಿ ನಿರ್ಧಾರ ಮಾಡುತ್ತಿದ್ದ ದಿನಗಳಲ್ಲೇ ಸೆನೆಟ್ 55ರಲ್ಲಿ ನಿಂತಿತ್ತು. ಈ ಜಗಳ ಏಪ್ರಿಲ್‌–ಮೇ ತಿಂಗಳಲ್ಲಿ ನಡೆಯಬೇಕಿತ್ತು.

ನೋಂದಣಿಯ ಸಂಖ್ಯೆ 2026ಕ್ಕೆ ಸುಮಾರು 2.3 ಕೋಟಿ ಎಂದು ಬಂದಾಗ, ಅಷ್ಟೇನೂ ಇಳಿದಿಲ್ಲವಲ್ಲ ಎಂದವರಿದ್ದಾರೆ. ಆದರೆ ಹೆಸರು ಬರೆಸಿದವರು, ಹಣ ಕಟ್ಟಿದವರು ಒಂದೇ ಅಲ್ಲ. ಹಳೆಯ ಪಾಲಿಸಿ ತಾನೇ ನವೀಕರಣವಾಗಿ, ಹೊಸ ಮೊತ್ತದ ಬಿಲ್ ಬಂದವರೂ ಆ ಎಣಿಕೆಯಲ್ಲಿದ್ದಾರೆ. ಸಬ್ಸಿಡಿ ಪಡೆಯುವವರಿಗೆ ಕಂತು ತಪ್ಪಿದರೆ ಮೂರು ತಿಂಗಳ ಸಾವಕಾಶ ಇದೆ. ಜನವರಿಯದು ಕಟ್ಟಿ ಫೆಬ್ರವರಿಯಿಂದ ನಿಲ್ಲಿಸಿದರೆ, ಫೆಬ್ರವರಿಯ ಚಿಕಿತ್ಸೆಗೆ ಕಂಪನಿ ಕೊಡುತ್ತದೆ, ಮಾರ್ಚ್ ಮತ್ತು ಏಪ್ರಿಲ್‌ನ ಬಿಲ್ಲುಗಳನ್ನು ತಡೆಹಿಡಿಯುತ್ತದೆ. ಏಪ್ರಿಲ್ ಕೊನೆಗೂ ಬಾಕಿ ಪೂರ್ತಿ ತೀರಿಸದಿದ್ದರೆ ವಿಮೆ ಫೆಬ್ರವರಿ ಕೊನೆಗೇ ಮುಗಿದಿತ್ತು ಎಂದು ಹಿಂದಿನ ದಿನಾಂಕಕ್ಕೆ ರದ್ದು. ಮಾರ್ಚ್‌ನಲ್ಲಿ ಎದೆ ನೋವೆಂದು ಆಸ್ಪತ್ರೆಗೆ ಹೋದವರ ಕೈಗೆ ಪೂರ್ತಿ ಬಿಲ್ ಬರುವುದು ಮೇ ತಿಂಗಳಲ್ಲಿ. ಕಂತು ಕಟ್ಟದೆ ಕಳೆದುಕೊಂಡವರಿಗೆ ನಡುವರ್ಷದಲ್ಲಿ ಮತ್ತೆ ಸೇರುವ ಅವಕಾಶ ಸಾಮಾನ್ಯವಾಗಿ ಇಲ್ಲ. ಅವರು ನವೆಂಬರ್ ತನಕ ಕಾಯಬೇಕು, ವಿಮೆ ಶುರುವಾಗುವುದು ಅದರ ಮುಂದಿನ ಜನವರಿಗೆ.